ಹಳೇ ಕ್ವಾಲಿಸ್, ಘಾಟಿ ಹತ್ತುವಾಗ ಮಾತ್ರ ಹೀಟ್. ವಾಲ್ವ್ (ಥರ್ಮೋಸ್ಟ್ಯಾಟ್) ತೆಗೆಸೋದಾ ಬೇಡ್ವಾ?

ಬಣಕಲ್_ಗಾಡಿ:

ಎಲ್ಲರಿಗೂ ನಮಸ್ಕಾರ. ನಮ್ಮದು 2003ರ ಕ್ವಾಲಿಸ್, 2.4 ಡೀಸೆಲ್, ಅಪ್ಪ ತಗೊಂಡ ಗಾಡಿ. ಎಂಜಿನ್ ಇದುವರೆಗೆ ಬಿಚ್ಚಿಲ್ಲ, ಆಯಿಲ್ ಕುಡಿಯಲ್ಲ, ಹೊಗೆ ಇಲ್ಲ. ಮೂಡಿಗೆರೆ, ಚಿಕ್ಕಮಗಳೂರು, ಹಾಸನ ಎಲ್ಲಿಗೆ ಹೋದರೂ ಹೀಟ್ ಮುಳ್ಳು ಮಧ್ಯಕ್ಕಿಂತ ತುಸು ಕೆಳಗೆ ಕೂತಿರುತ್ತೆ. ತಕರಾರು ಶುರುವಾಗೋದು ಧರ್ಮಸ್ಥಳದಿಂದ ವಾಪಸ್ ಬರುವಾಗ. ಚಾರ್ಮಾಡಿ ಹತ್ತೋಕೆ ಶುರು ಮಾಡಿ ಕೆಲವು ತಿರುವು ಕಳೆಯೋಷ್ಟರಲ್ಲಿ ಮುಳ್ಳು ಮೇಲೇಳುತ್ತೆ. ಗಾಡಿ ತುಂಬ ಜನ, ಎಸಿ, ಮೇಲೆ ಕ್ಯಾರಿಯರ್‌ನಲ್ಲಿ ತೆಂಗಿನಕಾಯಿ ಮೂಟೆ ಇದ್ದರಂತೂ ಮುಕ್ಕಾಲು ದಾಟುತ್ತೆ. ಎಸಿ ಆಫ್ ಮಾಡಿ, ಅಲ್ಲಲ್ಲಿ ನಿಲ್ಲಿಸಿ, ಹೇಗೋ ಕೊಟ್ಟಿಗೆಹಾರ ಮುಟ್ಟಿಸೋದು. ಅಲ್ಲಿ ನೀರ್‌ದೋಸೆ ತಿಂದು ಹೊರಡೋ ಹೊತ್ತಿಗೆ ಮುಳ್ಳು ತನ್ನ ಜಾಗಕ್ಕೆ ಬಂದು ಸುಮ್ಮನೆ ಕೂತಿರುತ್ತೆ.

ಊರಿನ ಮೇಸ್ತ್ರಿ "ವಾಲ್ವ್ ತೆಗೆದು ಬಿಸಾಕಿ, ಆಮೇಲೆ ಹೀಟ್ ಅನ್ನೋ ಮಾತೇ ಇಲ್ಲ" ಅಂತಾರೆ. ನೀರು ಬಿಸಿಯಾದಾಗ ರೇಡಿಯೇಟರ್ ಕಡೆ ದಾರಿ ಬಿಡೋ ಥರ್ಮೋಸ್ಟ್ಯಾಟ್ ವಾಲ್ವ್ ಅದು. ಪೇಟೆಯಲ್ಲಿ ತೋರಿಸಿದ ಗ್ಯಾರೇಜ್‌ನವರು ಗಾಡಿ ಸ್ಟಾರ್ಟ್ ಕೂಡ ಮಾಡಿಸದೆ "ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್‌ಗೂ ಮೇಲಿನ ಹೆಡ್‌ಗೂ ನಡುವಿನ ಸೀಲ್) ಹೋಗಿದೆ, ಹೆಡ್ ಇಳಿಸ್ಬೇಕು" ಅಂದ್ರು. ಯಾರ ಮಾತು ನಂಬೋದು? ಮಳೆ ನಿಂತ ಮೇಲೆ ಮದುವೆ ಓಡಾಟ ಜಾಸ್ತಿ ಇದೆ, ಅಷ್ಟರಲ್ಲಿ ಸರಿ ಮಾಡಿಸ್ಬೇಕು.

ಸೈಡ್‌ಸ್ಟ್ಯಾಂಡ್:

ಎರಡು ಕ್ಯಾನ್ ನೀರು, ಒಂದು ಟವೆಲ್. ನಮ್ಮೂರಲ್ಲಿ ಹಳೇ ಡೀಸೆಲ್ ಗಾಡಿಗೆ ಇದೇ ಟ್ರೀಟ್‌ಮೆಂಟು 😄

ಶಿರಸಿ_ಡೀಸೆಲ್_ಭಟ್ರು:

ಸದ್ಯಕ್ಕೆ ಹೆಡ್ಡಿಗೂ ಕೈ ಹಾಕಬೇಡಿ, ವಾಲ್ವಿಗೂ ಕೈ ಹಾಕಬೇಡಿ.

ನಾನು ಡೀಸೆಲ್ ಕೆಲಸ ಕಲಿತು, ಆಮೇಲೆ ಹುಡುಗರಿಗೆ ಕಲಿಸಿದವನು. ಹೀಟ್ ಅಂತ ಗಾಡಿ ಬಂದರೆ ಸ್ಪ್ಯಾನರ್ ಎತ್ತುವ ಮೊದಲು "ಯಾವಾಗ ಆಗ್ತದೆ?" ಅಂತ ಕೇಳಬೇಕು ಅಂತ ಹೇಳಿಕೊಡ್ತಿದ್ದೆ. ನಿಂತಲ್ಲೇ ಬಿಸಿಯಾಗುವ ಗಾಡಿ ಬೇರೆ, ಹೈವೇಯಲ್ಲಿ ಓಡಿಸಿದಾಗ ಬಿಸಿಯಾಗುವುದು ಬೇರೆ, ಏರಿನಲ್ಲಿ ಮಾತ್ರ ಬಿಸಿಯಾಗುವುದು ಬೇರೆ. ನಿಮ್ಮದು ಮೂರನೆಯದು. ಅದನ್ನು ನೀವೇ ಚೆನ್ನಾಗಿ ಗಮನಿಸಿದ್ದೀರಿ, ಅರ್ಧ ಕೆಲಸ ಮುಗಿದ ಲೆಕ್ಕ.

ಏರಿನಲ್ಲಿ ಯಾಕೆ ಅಂದರೆ, ಸುಟ್ಟ ಡೀಸೆಲ್ಲಿನ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೇ ಒಂದು ಪಾಲು ಚಕ್ರಕ್ಕೆ ಹೋಗ್ತದೆ, ಇನ್ನೊಂದು ಪಾಲು ಸೈಲೆನ್ಸರಿನಲ್ಲಿ, ಮತ್ತೊಂದು ಪಾಲು ನೀರಿಗೆ. ನಿಮ್ಮ ಎಂಜಿನ್ 75 ಎಚ್‌ಪಿ, ಅಂದರೆ ಸುಮಾರು 55 ಕಿಲೋವ್ಯಾಟ್. ಪೂರ್ತಿ ಒತ್ತಿ ಏರು ಹತ್ತುವಾಗ ರೇಡಿಯೇಟರ್ 40-50 ಕಿಲೋವ್ಯಾಟ್ ಶಾಖವನ್ನು ಹೊರಗೆ ಹಾಕಬೇಕು. ಮನೆಯ 2 ಕಿಲೋವ್ಯಾಟ್ ಗೀಸರ್ ಇಪ್ಪತ್ತಕ್ಕೂ ಹೆಚ್ಚು ಒಟ್ಟಿಗೆ ಉರಿದ ಹಾಗೆ. ಗಾಡಿಯ ವೇಗ ನೋಡಿದರೆ 25-30, ಎದುರುಗಾಳಿ ಏನೇನೂ ಸಾಲದು. ಮೇಲಾಗಿ ನಿಮ್ಮದು ಪ್ರೀ ಚೇಂಬರ್ ಇರುವ, ಅಂದರೆ ಡೀಸೆಲ್ ಮೊದಲು ಪಕ್ಕದ ಪುಟ್ಟ ಕೋಣೆಯಲ್ಲಿ ಹೊತ್ತಿಕೊಳ್ಳುವ ಹಳೇ ಮಾದರಿಯ ಎಂಜಿನ್. ಡೀಸೆಲ್ ನೇರ ಸಿಲಿಂಡರಿಗೆ ಹೋಗುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನಿಗಿಂತ ಇದು ನೀರಿಗೆ ಜಾಸ್ತಿ ಶಾಖ ಬಿಡ್ತದೆ.

ಐಡ್ಲಿಂಗಿನಲ್ಲಿ ಡೀಸೆಲ್ ಎಂಜಿನ್ ಹುಟ್ಟಿಸುವ ಶಾಖ ಬಹಳ ಕಮ್ಮಿ. ಹಾಗಾಗಿ ಪೇಟೆಯಲ್ಲಿ ಮುಳ್ಳು ಅಲ್ಲಾಡಲಿಲ್ಲ ಅಂತ ಫ್ಯಾನು, ರೇಡಿಯೇಟರ್ ಎಲ್ಲ ಸರಿ ಇದೆ ಅಂದುಕೊಳ್ಳಬೇಡಿ. ಅರ್ಧ ಕಟ್ಟಿದ ರೇಡಿಯೇಟರ್ ಕೂಡ ಪೇಟೆಯಲ್ಲಿ ಸಾಕಾಗ್ತದೆ.

ಹೆಡ್ ಗ್ಯಾಸ್ಕೆಟ್ ಅನುಮಾನ ಇದ್ದರೆ ಬಿಚ್ಚದೇ ನೋಡುವ ದಾರಿ ಇದೆ. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ಒಂದೆರಡು ಗುಳ್ಳೆ ಬಂದು ನಿಂತರೆ ಅದು ಗಾಳಿ. ನಿಲ್ಲದೇ ಬುಳುಬುಳು ಬರ್ತಾನೇ ಇದ್ದರೆ, ಎಕ್ಸಲರೇಟರ್ ಕೊಟ್ಟ ಕೂಡಲೇ ಜಾಸ್ತಿಯಾದರೆ, ಗ್ಯಾಸ್ ನೀರಿಗೆ ನುಗ್ಗುತ್ತಿದೆ ಅಂತ. ಮರುದಿನ ಮುಚ್ಚಳ ಹಾಕಿಯೇ ಸ್ಟಾರ್ಟ್ ಮಾಡಿ, ಮೇಲಿನ ಹೋಸ್ ಪೈಪ್ ಒತ್ತಿ ನೋಡಿ. ನೀರು ಬೆಚ್ಚಗಾಗುವ ಮುಂಚೆಯೇ ಪೈಪ್ ಕಲ್ಲಾದರೂ ಅದೇ ಅರ್ಥ. ಡಿಪ್ ಸ್ಟಿಕ್ ಎಳೆದು ಆಯಿಲ್ ಬೆಳ್ಳಗೆ ಕದಡಿದೆಯೋ ನೋಡಿ. ನೀರು ಕಡಿಮೆ ಆಗ್ತಾ ಇದೆಯೋ, ಎಷ್ಟು ದಿನಕ್ಕೊಮ್ಮೆ ಹಾಕ್ತೀರಿ, ಅದನ್ನೂ ಬರೀರಿ.

ಲಾರಿ_ರಾಜಣ್ಣ:

ಭಟ್ರೇ ಪಾಠ ಚೆನ್ನಾಗಿದೆ. ಆದ್ರೆ ನಾನು ಶಿರಾಡಿ, ಅರಬೈಲು ಎರಡೂ ಲೋಡ್ ಗಾಡಿಯಲ್ಲಿ ಹತ್ತಿದೋನು. ನನ್ನ ಒಂದು ಗಾಡಿಗೂ ವಾಲ್ವ್ ಇರ್ಲಿಲ್ಲ. ಬಂದ ದಿನ ತೆಗೆದು ಬಿಸಾಕೋದು, ಅಷ್ಟೇ. ನೀರು ಫ್ರೀಯಾಗಿ ಓಡಾಡಿದ್ರೆ ಎಂಜಿನ್ ತಣ್ಣಗಿರುತ್ತೆ. ಇದ್ರಲ್ಲಿ ಏನ್ ದೊಡ್ಡ ವಿದ್ಯೆ?

ಶಿರಸಿ_ಡೀಸೆಲ್_ಭಟ್ರು:

ರಾಜಣ್ಣ, ನಿಮ್ಮ ಅನುಭವ ಸುಳ್ಳು ಅಂತ ಹೇಳ್ತಿಲ್ಲ. ಆದರೆ ವಾಲ್ವ್ ಕೆಲಸ ಅರ್ಥ ಆಗಬೇಕು. 82 ಅಂತ ಅಚ್ಚಾದ ಥರ್ಮೋಸ್ಟ್ಯಾಟ್ 82 ಡಿಗ್ರಿಗೆ ಬಾಯಿ ಬಿಡಲು ಶುರು ಮಾಡಿ 95ರ ಹೊತ್ತಿಗೆ ಪೂರ್ತಿ ತೆರೆದಿರ್ತದೆ. ಘಾಟಿಯಲ್ಲಿ ನೀರು 100 ಡಿಗ್ರಿ ಇರುವಾಗ ಸರಿ ಇರುವ ವಾಲ್ವ್ ಹೇಗೂ ಪೂರ್ತಿ ತೆರೆದೇ ಇದೆ. ತೆರೆದ ಬಾಗಿಲನ್ನು ಕಿತ್ತು ಹಾಕಿ ಏನು ಲಾಭ? ಲಾಭ ಆಯ್ತು ಅಂದರೆ ಆ ವಾಲ್ವ್ ಕೆಟ್ಟಿತ್ತು ಅಂತ. ಹೊಸದು ಹಾಕಿದ್ದರೂ ಅಷ್ಟೇ ಲಾಭ ಆಗ್ತಿತ್ತು.

ನಷ್ಟ ಬೇರೆ ಇದೆ. ಕೆಲವು ಎಂಜಿನ್ನುಗಳ ವಾಲ್ವಿಗೆ ಹಿಂದೆ ಇನ್ನೊಂದು ತಟ್ಟೆ ಇರ್ತದೆ. ಮುಂದಿನ ಬಾಯಿ ತೆರೆದಾಗ ಆ ತಟ್ಟೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಇಡೀ ವಾಲ್ವ್ ಕಿತ್ತರೆ ಬೈಪಾಸ್ ಸದಾ ತೆರೆದೇ ಇರ್ತದೆ, ಬಿಸಿ ನೀರಿನ ಒಂದು ಪಾಲು ರೇಡಿಯೇಟರ್ ಕಡೆ ಮುಖ ಹಾಕದೆ ವಾಪಸ್ ಎಂಜಿನ್ನಿಗೇ ಹೋಗ್ತದೆ. ಅಂಥ ಗಾಡಿ ವಾಲ್ವ್ ತೆಗೆದ ಮೇಲೆ ಘಾಟಿಯಲ್ಲಿ ಇನ್ನೂ ಜಾಸ್ತಿ ಬಿಸಿಯಾಗ್ತದೆ. ಬೈಪಾಸ್ ಇಲ್ಲದ ಗಾಡಿಯಾದರೆ ಮಳೆಗಾಲದಲ್ಲಿ, ಇಳಿಜಾರಿನಲ್ಲಿ ಎಂಜಿನ್ ಬಿಸಿಯೇ ಆಗುವುದಿಲ್ಲ. ತಣ್ಣಗೆ ಓಡುವ ಡೀಸೆಲ್ ಎಂಜಿನ್ನಿನಲ್ಲಿ ಬೋರ್ (ಸಿಲಿಂಡರಿನ ಒಳಗೋಡೆ) ಸವೆಯುವುದು ಬೇಗ, ಮೈಲೇಜೂ ಇಳೀತದೆ.

ವಾಲ್ವ್ ಮೇಲೆ ಅನುಮಾನ ಇದ್ದರೆ ಬಿಚ್ಚಿ ಪರೀಕ್ಷೆ ಮಾಡಿ. ಹಳೇ ಪಾತ್ರೆಯಲ್ಲಿ ನೀರು ಕಾಯಿಸಿ, ವಾಲ್ವನ್ನು ತಳಕ್ಕೆ ತಾಗದ ಹಾಗೆ ದಾರದಲ್ಲಿ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ನೋಡಿ. ಜ್ವರ ನೋಡುವ ಥರ್ಮಾಮೀಟರ್ ಅಲ್ಲ ಮತ್ತೆ, ಅದು 42ಕ್ಕೆ ಮುಗೀತದೆ. 95ರ ಹತ್ತಿರ ಬಾಯಿ ಸುಮಾರು 8 ಮಿ.ಮೀ. ತೆರೆದಿರಬೇಕು. ವಾಪಸ್ ಕೂರಿಸುವಾಗ ಅಂಚಿನ ಪುಟ್ಟ ಅಲ್ಲಾಡುವ ಪಿನ್ ಮೇಲ್ಗಡೆ ಬರಲಿ, ಗಾಳಿ ಹೊರಗೆ ಹೋಗಲಿಕ್ಕೆ ಅದು.

ಲಾರಿ_ರಾಜಣ್ಣ:

ಸರಿ ಸರಿ. ವಾಲ್ವ್ ವಿಷಯ ಬಿಡಿ, ಓಡಿಸೋದು ನಾನು ಹೇಳ್ತೀನಿ. ಕಾರಿನೋರು ಮಾಡೋ ದೊಡ್ಡ ತಪ್ಪು ಏನಂದ್ರೆ ಘಾಟಿಯಲ್ಲಿ ಮೂರನೇ ಗೇರ್‌ನಲ್ಲೇ ಕಾಲು ತಳಕ್ಕೆ ಒತ್ತಿ ಎಂಜಿನ್ ತಿಣುಕಿಸೋದು. ಡೀಸೆಲ್ ಸುರೀತಾ ಇರುತ್ತೆ, ಆದ್ರೆ ಫ್ಯಾನೂ ವಾಟರ್ ಬಾಡಿಯೂ (ನೀರು ತಳ್ಳೋ ಪಂಪು) ನಿಧಾನಕ್ಕೆ ಸುತ್ತುತ್ತೆ. ಎರಡೂ ಸುತ್ತೋದು ಎಂಜಿನ್ ಸುತ್ತಿದಷ್ಟೇ ಅಲ್ವಾ? ತಿರುವಿಗೆ ಮೊದಲೇ ಸೆಕೆಂಡ್ ಹಾಕಿ, ಅರ್ಧ ಕಾಲಲ್ಲಿ ಎಂಜಿನ್ ಹಗುರವಾಗಿ ಎಳೀತಾ ಇರ್ಬೇಕು. ಸದ್ದು ಜಾಸ್ತಿ ಬರುತ್ತೆ, ಬರ್ಲಿ. ಎಸಿ ಮುಳ್ಳು ಎದ್ದ ಮೇಲೆ ಆಫ್ ಮಾಡೋದಲ್ಲ, ಘಾಟಿ ಬುಡದಲ್ಲೇ ಆಫ್ ಮಾಡಿ.

ಮುಳ್ಳು ಕೆಂಪಿಗೆ ಹೋದ್ರೆ ಗಾಡಿ ಪಕ್ಕಕ್ಕೆ ಹಾಕಿ, ನ್ಯೂಟ್ರಲ್ ಮಾಡಿ, ಬಾನೆಟ್ ಎತ್ತಿ. ಬೆಲ್ಟ್ ಇದ್ದು, ನೀರು ಚೆಲ್ಲಿರದಿದ್ರೆ ಎಂಜಿನ್ ತಕ್ಷಣ ಆಫ್ ಮಾಡ್ಬೇಡಿ, ಸ್ವಲ್ಪ ರೇಸ್ ಕೊಟ್ಟು ಓಡಕ್ಕೆ ಬಿಡಿ. ಆಫ್ ಮಾಡಿದ್ರೆ ನೀರು ನಿಲ್ಲುತ್ತೆ, ಹೆಡ್ ಒಳಗೆ ಅಲ್ಲಲ್ಲೇ ಕುದಿಯುತ್ತೆ. ಬೆಲ್ಟ್ ಕಿತ್ತಿದ್ರೆ, ಹೋಸ್ ಒಡೆದಿದ್ರೆ ಮಾತ್ರ ಅಲ್ಲೇ ಆಫ್. ಮುಚ್ಚಳ ತೆಗೆಯೋಕೆ ಅವಸರ ಮಾಡ್ಬೇಡಿ, ನಮ್ಮ ಕ್ಲೀನರ್ ಹುಡುಗನ ಕೈ, ಎದೆ ಎಲ್ಲ ಬೊಬ್ಬೆ ಎದ್ದಿದ್ದು ನೋಡಿದೀನಿ. ಕಾದ ಎಂಜಿನ್‌ಗೆ ಹಳ್ಳದ ತಣ್ಣೀರು ಸುರಿದು ಹೆಡ್ ಬಿರುಕು ಬಿಡಿಸ್ಕೊಂಡೋರೂ ಇದಾರೆ.

ಶಿರಸಿ_ಡೀಸೆಲ್_ಭಟ್ರು:

ಈ ಮಾತಿಗೆ ನನ್ನ ಸಹಿ ಇದೆ. ಒಂದೇ ಸೇರಿಸ್ತೇನೆ, ಹೀಟರ್ ಇದ್ದರೆ ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಹಾಕಿ. ಅದೂ ಒಂದು ಪುಟ್ಟ ರೇಡಿಯೇಟರೇ. ಒಳಗೆ ಕೂತವರು ಬೈತಾರೆ, ಬೈಸಿಕೊಳ್ಳಿ.

ಗದಗ_ಗಾಡಿ_ಮಂದಿ:

ಅಣ್ಣಾರ, ನಮ್ಮ ಕಡೆ ಘಾಟಿ ಇಲ್ಲ, ಆದ್ರ ಹೀಟ್ ಐತಿ. ಹತ್ತಿ ಬಿಡಿಸೋ ಟೈಮಿನ್ಯಾಗ ಹೊಲದ ದಾರ್ಯಾಗ ಓಡ್ಯಾಡಿದ್ರ ಅರಳಿ, ಜೋಳದ ಸುಂಕ, ಧೂಳ ಎಲ್ಲಾ ಹೋಗಿ ಎಸಿ ಜಾಳಗಿ ಹಿಂದ ಕುಂದರತೈತಿ. ಮುಂದ ನಿಂತು ನೋಡಿದ್ರ ಏನೂ ಕಾಣಂಗಿಲ್ರಿ, ಲಕಲಕ ಅಂತೈತಿ. ಆ ಜಾಳಗಿ, ಅಂದ್ರ ಕಂಡೆನ್ಸರ್ ಬಿಚ್ಚಿ ಮುಂದಕ್ಕ ಎಳದು ಹಿಂದ ಬ್ಯಾಟರಿ (ಟಾರ್ಚ್) ಹಾಕಿ ನೋಡ್ರಿ. ನಮ್ಮ ಸುಮೋದಾಗ ನೋಡಿದ್ರ ಒಂದು ಹಾಸಿಗಿ ತುಂಬೋವಷ್ಟು ಕಸ ಇತ್ತು.

ತೊಳೆಯೋದು ಎಂಜಿನ್ ಕಡಿಂದ ಮುಂದಕ್ಕ ನೀರು ಹೊಡದು. ಮುಂದಿನಿಂದ ಹೊಡದ್ರ ಕಸ ಇನ್ನೂ ಒಳಗ ಬಡಿತೈತಿ. ವಾಷಿಂಗ್ ಸೆಂಟರಿನ್ಯಾಗ ಆ ಪ್ರೆಶರ್ ಗನ್ ಹತ್ರ ಹಿಡಿಯಾಕ ಬಿಡಬ್ಯಾಡ್ರಿ, ಫಿನ್ ಎಲ್ಲಾ ಮಡಚಿ ಹೋಗತಾವ.

ಕೋಲಾರ_ಬೋರ್‌ವೆಲ್:

ಮೇಲಿನವರು ಹೇಳಿದ್ದು ನೂರಕ್ಕೆ ನೂರು. ಇನ್ನೊಂದು: ಗ್ರಿಲ್ ಮುಂದೆ ಏನೇನು ಕಟ್ಟಿದೀರ ನೋಡಿ. ನಮ್ಮ ಏರಿಯಾದಲ್ಲಿ ಆಯುಧ ಪೂಜೆ ಮಾಡಿ ಬಾಳೆಕಂದು, ಚೆಂಡು ಹೂವಿನ ಹಾರ ಗ್ರಿಲ್ ತುಂಬ ಕಟ್ಟಿ, ಅದು ಒಣಗಿ ಉದುರೋವರೆಗೂ ತೆಗೆಯಲ್ಲ. ಅದೇ ಗಾಡಿಯಲ್ಲಿ ತಿರುಪತಿ ಬೆಟ್ಟ ಹತ್ತುತ್ತಾರೆ. ಜೊತೆಗೆ ನಾಲ್ಕು ಫಾಗ್ ಲ್ಯಾಂಪ್, ಬುಲ್ ಗಾರ್ಡ್, ಸಂಘದ ಬೋರ್ಡು. ಗಾಳಿ ಎಲ್ಲಿಂದ ಹೋಗ್ಬೇಕು?

ಸೈಡ್‌ಸ್ಟ್ಯಾಂಡ್:

ಹಾರ ತೆಗೆದ್ರೆ ಅಜ್ಜಿ ಹೀಟ್ ಆಗ್ತಾರೆ ಸಾರ್.

ಬಣಕಲ್_ಗಾಡಿ:

ಎಲ್ಲರಿಗೂ ಥ್ಯಾಂಕ್ಸ್, ಇಷ್ಟು ಉತ್ತರ ನಿರೀಕ್ಷೆ ಮಾಡಿರ್ಲಿಲ್ಲ. ಭಟ್ರು ಹೇಳಿದ ಹಾಗೆ ಬೆಳಿಗ್ಗೆ ಪರೀಕ್ಷೆ ಮಾಡಿದೆ. ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದಾಗ ಗುಳ್ಳೆ ಶುರುವಿನಲ್ಲಿ ಸ್ವಲ್ಪ ಬಂದು ನಿಂತವು. ರೇಸ್ ಕೊಟ್ಟರೂ ಇಲ್ಲ. ಮೇಲಿನ ಪೈಪ್ ಬಹಳ ಹೊತ್ತು ಮೆತ್ತಗೇ ಇತ್ತು. ಆಯಿಲ್ ಕಪ್ಪಗೆ ಚೆನ್ನಾಗಿದೆ. ನೀರು ಮಾತ್ರ ಘಾಟಿ ಹತ್ತಿ ಬಂದ ದಿನ ಸ್ವಲ್ಪ ಕಮ್ಮಿ ಆಗಿರುತ್ತೆ, ಉಳಿದಂತೆ ಇಲ್ಲ.

ಮುಚ್ಚಳ ಕೈಯಲ್ಲಿ ಹಿಡಿದಾಗ ಗೊತ್ತಾಯ್ತು, ಅದರ ಕೆಳಗಿನ ರಬ್ಬರ್ ಸುತ್ತ ಬಿರುಕು ಬಿಟ್ಟು ಗಟ್ಟಿಯಾಗಿದೆ. ಮಧ್ಯದ ಪುಟ್ಟ ವಾಲ್ವ್ ತುಕ್ಕು ಹಿಡಿದು ಅಂಟಿಕೊಂಡಿದೆ. ಇದರಿಂದಲೂ ಆಗುತ್ತಾ?

ಆಮೇಲೆ ಗದಗದ ಅಣ್ಣ ಹೇಳಿದ್ದು ನೋಡೋಣ ಅಂತ ಗ್ರಿಲ್ ಬಿಚ್ಚಿದೆ. ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವೆ ಸಿಲ್ವರ್ ಓಕ್ ಎಲೆ ಪುಡಿ, ಕಾಫಿ ಸಿಪ್ಪೆಯ ಧೂಳು, ಚಿಟ್ಟೆ, ಹುಳ ಎಲ್ಲ ಸೇರಿ ಕಂಬಳಿ ನೇಯ್ದ ಹಾಗೆ ದಪ್ಪಕ್ಕೆ ಕೂತಿತ್ತು. ಕೆಳಗಿನ ಅರ್ಧ ಪೂರ್ತಿ ಮುಚ್ಚಿತ್ತು. ಕಣದಲ್ಲಿ ಗಾಡಿ ನಿಲ್ಲಿಸೋದು ನಾವು, ಅದಕ್ಕೇ ಇರಬೇಕು. ಫೋಟೋ ಹಾಕಿದೀನಿ.

ಮಸ್ಕತ್_ಮಂಜು:

ಫೋಟೋ ನೋಡಿ ಮೈ ಬಿಸಿಯಾಯ್ತು.

ಮುಚ್ಚಳದಿಂದ ಆಗುತ್ತೆ, ಖಂಡಿತ. ಸಮುದ್ರ ಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತೆ, ಸಾವಿರ ಮೀಟರ್ ಮೇಲೆ ಹೋದರೆ 97ರ ಆಸುಪಾಸಿನಲ್ಲೇ ಕುದಿಯುತ್ತೆ. ನೀವು ಹತ್ತುತ್ತಾ ಹೋದ ಹಾಗೆ ಕುದಿಯೋ ಮಟ್ಟ ಇಳೀತಾ ಬರುತ್ತೆ, ಎಂಜಿನ್ ಶಾಖ ಏರ್ತಾ ಹೋಗುತ್ತೆ. ಇದನ್ನ ತಡೆಯೋಕೆ ಮುಚ್ಚಳದ ಸ್ಪ್ರಿಂಗ್ ಇರೋದು. 0.9 ಬಾರ್ ಒತ್ತಡ ಹಿಡಿದಿಟ್ಟರೆ ಬರೀ ನೀರೂ 118 ಡಿಗ್ರಿವರೆಗೆ ಕುದಿಯಲ್ಲ. ರಬ್ಬರ್ ಒಡೆದಿದ್ದರೆ ಒತ್ತಡವೇ ನಿಲ್ಲಲ್ಲ, ಬೇಗ ಕುದಿದು ಹೊರಗೆ ಹೋಗುತ್ತೆ. ನಡುವಿನ ಪುಟ್ಟ ವಾಲ್ವ್ ಅಂಟಿಕೊಂಡಿದ್ದರೆ ಗಾಡಿ ತಣ್ಣಗಾಗುವಾಗ ಪಕ್ಕದ ಬಾಟಲಿಯಿಂದ ನೀರು ವಾಪಸ್ ಎಳೆದುಕೊಳ್ಳಲ್ಲ. ನೀರು ಕಮ್ಮಿ ಆಗ್ತಿದ್ದ ಲೆಕ್ಕ ಇಲ್ಲೇ ಸಿಕ್ತು ನೋಡಿ. ಹೊಸ ಮುಚ್ಚಳ ಹಾಕುವಾಗ ಹಳೇದರ ಮೇಲೆ ಎಷ್ಟು ಅಚ್ಚಾಗಿದೆಯೋ ಅಷ್ಟೇ ಹಾಕಿ. ಜಾಸ್ತಿ ಇದ್ದರೆ ಒಳ್ಳೇದು ಅಂತ ಹೆಚ್ಚಿನದು ಹಾಕಿದರೆ ಹಳೇ ಹೋಸ್, ಹೀಟರ್ ಕಾಯಿಲ್ ಎಲ್ಲಾದರೂ ಬಾಯಿ ಬಿಡುತ್ತೆ.

ಕೂಲೆಂಟ್ ಏನು ಹಾಕಿದೀರಿ? ಇಲ್ಲಿ ಒಮಾನ್‌ನಲ್ಲಿ ಬೇಸಿಗೆಯಲ್ಲಿ 45 ದಾಟುತ್ತೆ, ಜಬಲ್ ಅಖ್ದರ್ ಬೆಟ್ಟದ ಏರಿಗೆ ಫೋರ್ ವೀಲ್ ಗಾಡಿ ಬಿಟ್ಟು ಬೇರೆ ಗಾಡಿಯನ್ನ ಪೊಲೀಸರು ಬಿಡೋದೇ ಇಲ್ಲ. ಆದರೂ ಅರ್ಧ ಕೂಲೆಂಟ್ ಅರ್ಧ ಡಿಸ್ಟಿಲ್ಡ್ ವಾಟರ್ ಅಷ್ಟೇ ಎಲ್ಲರೂ ಹಾಕೋದು. ತುಂಬ ಜನ "ಪೂರ್ತಿ ಕೂಲೆಂಟ್ ಹಾಕಿದ್ದೀನಿ, ನೀರೇ ಇಲ್ಲ" ಅಂತ ಹೆಮ್ಮೆ ಪಡ್ತಾರೆ. ಕೂಲೆಂಟ್‌ನಲ್ಲಿರೋ ಗ್ಲೈಕಾಲ್ ಶಾಖ ಹೊರೋದ್ರಲ್ಲಿ ನೀರಿಗಿಂತ ತುಂಬ ಹಿಂದೆ. ಅದು ಇರೋದು ಕುದಿಯೋ ಮಟ್ಟ ಸ್ವಲ್ಪ ಏರಿಸೋಕೆ, ತುಕ್ಕು ತಡೆಯೋಕೆ. ಶಾಖ ಸಾಗಿಸೋ ಕೆಲಸ ನೀರಿನದ್ದು. ಡಬ್ಬದ ಮೇಲೆ ರೆಡಿ ಟು ಯೂಸ್ ಅಂತಿದ್ದರೆ ಮತ್ತೆ ನೀರು ಸೇರಿಸಬೇಡಿ, ಕಾನ್ಸಂಟ್ರೇಟ್ ಅಂತಿದ್ದರೆ ಸೇರಿಸಲೇಬೇಕು. ಹಸಿರು, ಕೆಂಪು ಬಣ್ಣ ನೋಡಿ ತೀರ್ಮಾನ ಮಾಡಬೇಡಿ, ಬಣ್ಣಕ್ಕೆ ಕಂಪನಿಗಳ ನಡುವೆ ಒಂದೇ ನಿಯಮ ಇಲ್ಲ.

ಕೋಲಾರ_ಬೋರ್‌ವೆಲ್:

ನೀರಿನ ವಿಷಯ ಬಂತಲ್ಲ, ದಯವಿಟ್ಟು ಬೋರ್ ನೀರು ಹಾಕ್ಬೇಡಿ. ನಮ್ಮ ಕಡೆ ಸ್ಟೀಲ್ ಪಾತ್ರೆಯಲ್ಲಿ ಬೋರ್ ನೀರು ಕಾಯಿಸಿದ್ರೆ ತಳದಲ್ಲಿ ಬಿಳೀ ಪದರ ಕೂರುತ್ತೆ, ಅದೇ ಪದರ ಹೆಡ್ ಒಳಗೂ ಕೂರುತ್ತೆ. ಹೊರಗಿಂದ ಏನೂ ಕಾಣಲ್ಲ. ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಸಿಗಲಿಲ್ಲ ಅಂದ್ರೆ ಶುದ್ಧವಾಗಿ ಹಿಡಿದ ಮಳೆ ನೀರು ಬೋರ್ ನೀರಿಗಿಂತ ಎಷ್ಟೋ ಮೇಲು. ಮಲೆನಾಡಿನವರಿಗೆ ಅದಕ್ಕೇನು ಬರ?

ಕುಡ್ಲ_ಡ್ರೈವರ್:

ಮಾರಾಯ್ರೆ, ಇಷ್ಟೆಲ್ಲ ಮಾತಾಡಿದ್ರಿ, ಫ್ಯಾನಿನ ಮಧ್ಯ ಇರುವ ಕಪ್ಲಿಂಗ್ ಯಾರೂ ನೋಡ್ಲೇ ಇಲ್ವಲ್ಲ! ಕ್ವಾಲಿಸ್‌ನಲ್ಲಿ ಫ್ಯಾನ್ ನೇರ ಬೋಲ್ಟ್ ಮಾಡಿದ್ದಲ್ಲ, ನಡುವೆ ಸಿಲಿಕೋನ್ ಎಣ್ಣೆ ತುಂಬಿದ ಕಪ್ಲಿಂಗ್ ಉಂಟು. ರೇಡಿಯೇಟರಿನಿಂದ ಬರುವ ಗಾಳಿ ಬಿಸಿಯಾದ್ರೆ ಮುಂದಿನ ಬೈಮೆಟಲ್ ಪಟ್ಟಿ ತಿರುಗಿ ಒಳಗಿನ ದಾರಿ ಬಿಡ್ತದೆ, ಎಣ್ಣೆ ಹಿಡಿದು ಫ್ಯಾನ್ ಜೋರು ಸುತ್ತುತ್ತದೆ. ತಂಪಿದ್ರೆ ಅರ್ಧಂಬರ್ಧ ಜಾರ್ತಾ ಸುತ್ತುತ್ತದೆ, ಡೀಸೆಲ್ ಉಳಿತದೆ. ಗಾಡಿ ಹಳೆಯದಾದ ಮೇಲೆ ಆ ಎಣ್ಣೆ ಸೀಲಿನಿಂದ ಒಸರಿ ಹೋಗ್ತದೆ. ಆಮೇಲೆ ಎಷ್ಟು ಬಿಸಿಯಾದ್ರೂ ಫ್ಯಾನ್ ಜಾರ್ತಾನೇ ಇರ್ತದೆ. ಪೇಟೆಯಲ್ಲಿ ಗೊತ್ತೇ ಆಗುದಿಲ್ಲ, ಘಾಟಿಯಲ್ಲಿ ಗೊತ್ತಾಗ್ತದೆ.

ನೋಡುದು ಹೇಗೆ ಅಂದ್ರೆ, ಗಾಡಿ ಚೆನ್ನಾಗಿ ಬಿಸಿ ಮಾಡಿ ಎಂಜಿನ್ ಆಫ್ ಮಾಡಿ, ಕೀ ಕೈಯಲ್ಲಿ ಹಿಡ್ಕೊಂಡು ಫ್ಯಾನನ್ನು ಕೈಯಿಂದ ತಿರುಗಿಸಿ. ಬಿಗಿಯಾಗಿ, ತಡೆದ ಹಾಗೆ ತಿರುಗಬೇಕು. ತಳ್ಳಿ ಬಿಟ್ಟಾಗ ಗರಗರ ಅಂತ ನಾಲ್ಕು ಸುತ್ತು ಬಂದ್ರೆ ಕಪ್ಲಿಂಗ್ ಸತ್ತಿದೆ. ಮಧ್ಯದ ಹಬ್ಬಿನ ಸುತ್ತ ಎಣ್ಣೆ ಹಿಡಿದ ಧೂಳಿನ ಉಂಗುರ ಇದ್ರೂ ಅದೇ. ಓಡುವ ಫ್ಯಾನಿಗೆ ಪೇಪರ್ ಸುತ್ತಿ ತಾಗಿಸಿ ನೋಡುವ ವಿದ್ಯೆ ಯೂಟ್ಯೂಬಿನಲ್ಲಿ ಉಂಟು, ಅದು ಬೇಡ. ಬೆರಳು ಹತ್ತೇ ಇರುದು.

ಸೋಮವಾರಪೇಟೆ_ಜೀಪು:

ನಡುವೆ ಬಂದೆ, ಕ್ಷಮಿಸಿ. ನನ್ನದು ಹಳೇ ಡಿಐ (ಡೈರೆಕ್ಟ್ ಇಂಜೆಕ್ಷನ್) ಜೀಪು. ಫ್ಯಾನ್ ನೇರ ಬೋಲ್ಟ್ ಆಗಿದೆ, ಕಪ್ಲಿಂಗ್ ಇಲ್ಲ. ನನಗೂ ಸಂಪಾಜೆ ಹತ್ತುವಾಗ ಹೀಟ್. ಆದರೆ ರಾತ್ರಿ ಮಾತ್ರ ಜಾಸ್ತಿ! ಹಗಲು ಅಷ್ಟು ಇಲ್ಲ. ರಾತ್ರಿ ತಂಪು ಇರುತ್ತಲ್ಲ, ಉಲ್ಟಾ ಆಗಬೇಕಿತ್ತು?

ಶಿರಸಿ_ಡೀಸೆಲ್_ಭಟ್ರು:

ಹೆಡ್‌ಲೈಟ್ ಹಾಕಿದ ಕೂಡಲೇ ಮುಳ್ಳು ಜಿಗಿಯುತ್ತದೋ ನೋಡಿ. ಜಿಗಿದರೆ ಎಂಜಿನ್ ಬಿಸಿಯಾಗಿಲ್ಲ, ಅರ್ಥಿಂಗ್ ಕೆಟ್ಟಿದೆ. ಬ್ಯಾಟರಿಯಿಂದ ಬಾಡಿಗೆ, ಎಂಜಿನ್ನಿಗೆ, ಮೀಟರ್ ಬೋರ್ಡಿಗೆ ಹೋಗುವ ಅರ್ಥ್ ವೈರಿನ ತುದಿಗಳನ್ನು ಉಜ್ಜಿ ಬಿಗಿ ಮಾಡಿ. ಹಳೇ ಗಾಡಿಗಳಲ್ಲಿ ಮೀಟರನ್ನು ಪೂರ್ತಿ ನಂಬಬಾರದು, ಪೂರ್ತಿ ಬಿಡಲೂಬಾರದು. ಲೇಸರ್ ಚುಕ್ಕೆ ಬಿಡುವ ಇನ್ಫ್ರಾರೆಡ್ ಥರ್ಮಾಮೀಟರ್ ಈಗ ಸುಲಭವಾಗಿ ಸಿಗ್ತದೆ. ಥರ್ಮೋಸ್ಟ್ಯಾಟ್ ಹೌಸಿಂಗಿಗೆ ಹಿಡಿದು ನಿಜವಾದ ಬಿಸಿ ಎಷ್ಟು ಅಂತ ನೋಡಿ, ಮುಳ್ಳು ಎಲ್ಲಿದೆ ಅಂತ ಜೋಡಿಸಿಕೊಳ್ಳಿ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ಕಮ್ಮಿ ತೋರಿಸ್ತದೆ, ಒಂದು ತುಂಡು ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಹಿಡಿಯಿರಿ.

ಇದರ ಉಲ್ಟಾ ಇನ್ನೂ ಅಪಾಯ, ಎಲ್ಲರೂ ಓದಿ. ಹೋಸ್ ಒಡೆದು ನೀರೆಲ್ಲ ಚೆಲ್ಲಿದರೆ ಸೆನ್ಸರ್ ಮುಳುಗಲು ನೀರೇ ಇರುವುದಿಲ್ಲ. ಏರಿದ್ದ ಮುಳ್ಳು ಧಡಕ್ಕನೆ ಕೆಳಗೆ ಬರ್ತದೆ. "ಅಬ್ಬಾ, ತಣ್ಣಗಾಯ್ತು" ಅಂತ ಗಾಡಿ ಓಡಿಸಿದವರ ಹೆಡ್ ಎಷ್ಟೋ ಲೇತಿಗೆ ಹೋಗಿವೆ.

ಜೀಪಿನಲ್ಲಿ ಇನ್ನೊಂದು ನೋಡಿ. ಫ್ಯಾನ್ ಸುತ್ತ ಇರುವ ಶ್ರೌಡ್ ಇದೆಯೋ? ಕೆಲಸಕ್ಕೆ ಅಡ್ಡ ಅಂತ ಕಿತ್ತು ಶೆಡ್ಡಿನಲ್ಲಿ ಎಸೆದಿರ್ತಾರೆ. ಅದಿಲ್ಲದಿದ್ದರೆ ಫ್ಯಾನ್ ಪಕ್ಕದ ಗಾಳಿಯನ್ನೇ ಸುತ್ತಿಸ್ತಾ ಕೂರ್ತದೆ, ರೇಡಿಯೇಟರಿನ ಮೂಲೆಗಳಿಂದ ಎಳೆಯುವುದಿಲ್ಲ. ಫ್ಯಾನನ್ನು ಹಿಂದು ಮುಂದು ಮಾಡಿ ಕೂರಿಸಿದ ಜೀಪುಗಳೂ ಉಂಟು.

ಸೋಮವಾರಪೇಟೆ_ಜೀಪು:

ಲೈಟ್ ಹಾಕಿದ ಕೂಡಲೇ ಜಿಗಿಯಿತು ಸಾರ್! ಶ್ರೌಡ್ ಕೂಡ ಇಲ್ಲ, ಕೋಳಿ ಗೂಡಿನ ಮೇಲೆ ಮುಚ್ಚಿಟ್ಟಿದ್ದಾರೆ.

ನಿರ್ವಾಹಕ:

ರೇಡಿಯೇಟರ್ ಮಾರಾಟದ ಎರಡು ಸಂದೇಶ ತೆಗೆದಿದ್ದೇವೆ. ಫೋನ್ ನಂಬರ್ ಇಲ್ಲಿ ಹಾಕಬೇಡಿ.

ಬಣಕಲ್_ಗಾಡಿ:

ಅಪ್‌ಡೇಟ್. ಕಸ ತೆಗೆದು, ಹೊಸ ಮುಚ್ಚಳ ಹಾಕಿ ಚಾರ್ಮಾಡಿ ಇಳಿದು ಹತ್ತಿದೆ. ಮೊದಲಿಗಿಂತ ಎಷ್ಟೋ ವಾಸಿ, ಆದರೂ ಕೊನೆಯ ಏರಿನಲ್ಲಿ ಮುಳ್ಳು ಎದ್ದಿತು. ನಿಲ್ಲಿಸಿ, ಆಫ್ ಮಾಡಿ, ಕುಡ್ಲದ ಅಣ್ಣ ಹೇಳಿದ ಹಾಗೆ ಫ್ಯಾನ್ ತಿರುಗಿಸಿದೆ. ಬೆರಳಲ್ಲಿ ತಳ್ಳಿದ್ದಕ್ಕೆ ಗರಗರ ತಿರುಗಿತು. ಹಬ್ ಸುತ್ತ ಎಣ್ಣೆ ಧೂಳಿನ ಉಂಗುರವೂ ಇದೆ.

ಮೇಸ್ತ್ರಿ ಹತ್ರ ಹೇಳಿದ್ರೆ ಕಪ್ಲಿಂಗ್‌ಗೆ ಎರಡು ಬೋಲ್ಟ್ ಹೊಡೆದು ಜಾಮ್ ಮಾಡಿಕೊಡ್ತೀನಿ ಅಂತಾರೆ. ಮಾಡಿಸಬಹುದಾ? ಮತ್ತೆ ರೇಡಿಯೇಟರ್ ಒಳಗೂ ಕ್ಲೀನ್ ಮಾಡಿಸಬೇಕಾ, ಹೇಗೆ ಗೊತ್ತಾಗೋದು?

ಕುಡ್ಲ_ಡ್ರೈವರ್:

ಜಾಮ್ ಮಾಡಿದ್ರೆ ಮನೆ ಸೇರಬಹುದು, ಅಷ್ಟೇ. ಯಾವಾಗ್ಲೂ ಪೂರ್ತಿ ಸ್ಪೀಡಿನಲ್ಲಿ ಸುತ್ತಿದ್ರೆ ಹೈವೇಯಲ್ಲಿ ಸದ್ದು ತಡಿಲಿಕ್ಕೆ ಆಗುದಿಲ್ಲ, ಡೀಸೆಲ್ ತಿಂತದೆ, ವಾಟರ್ ಬಾಡಿ ಬೇರಿಂಗಿಗೂ ಭಾರ. ಹೊಸ ಕಪ್ಲಿಂಗ್ ಹಾಕಿ. ಗುಜರಿಯಲ್ಲಿ ಸಿಗುವ ಹಳೇದೂ ನಿಮ್ಮದರಷ್ಟೇ ಹಳೇದು, ನೆನಪಿರಲಿ. ಬಿಚ್ಚಿದ ಮೇಲೆ ವಾಟರ್ ಬಾಡಿ ಕೆಳಗಿನ ಪುಟ್ಟ ತೂತಿನಿಂದ ನೀರು ಒಸರಿದ ಗುರುತು ಉಂಟೋ ನೋಡಿ. ಇದ್ರೆ ಅದನ್ನೂ ಒಟ್ಟಿಗೇ ಬದಲಿಸಿ, ಲೇಬರ್ ಒಂದೇ.

ಶಿರಸಿ_ಡೀಸೆಲ್_ಭಟ್ರು:

ರೇಡಿಯೇಟರ್ ಒಳಗೆ ಕಟ್ಟಿದೆಯೋ ಅಂತ ಹೊರಗಿನಿಂದಲೇ ಅಂದಾಜು ಸಿಗ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಆಫ್ ಮಾಡಿ, ಅದೇ ಇನ್ಫ್ರಾರೆಡ್ ಥರ್ಮಾಮೀಟರನ್ನು ರೇಡಿಯೇಟರ್ ಉದ್ದಗಲಕ್ಕೂ ಓಡಿಸಿ. ಬಿಸಿ ನೀರು ಬರುವ ಕಡೆಯಿಂದ ಹೊರಹೋಗುವ ಕಡೆಗೆ ಬಿಸಿ ಸಮವಾಗಿ ಇಳೀತಾ ಹೋಗಬೇಕು. ಮಧ್ಯದಲ್ಲಿ ಒಂದು ಪಟ್ಟೆ ಥಟ್ಟನೆ ತಣ್ಣಗಿದ್ದರೆ ಆ ಟ್ಯೂಬುಗಳಲ್ಲಿ ನೀರು ಹರೀತಿಲ್ಲ. ಹಳೇ ತಾಮ್ರ-ಹಿತ್ತಾಳೆ ರೇಡಿಯೇಟರ್ ಆದರೆ ಅಂಗಡಿಯವರು ಮೇಲಿನ ಟ್ಯಾಂಕಿನ ಬೆಸುಗೆ ಬಿಡಿಸಿ, ಒಂದೊಂದೇ ಟ್ಯೂಬಿಗೆ ಚಪ್ಪಟೆ ಪಟ್ಟಿ ತೂರಿಸಿ ಕ್ಲೀನ್ ಮಾಡಿ, ಮತ್ತೆ ಬೆಸೆದು ಕೊಡ್ತಾರೆ. ಪ್ಲಾಸ್ಟಿಕ್ ಟ್ಯಾಂಕಿನ ಅಲ್ಯೂಮಿನಿಯಂ ಆದರೆ ಬಿಡಿಸುವ ಗೋಜಿಗೆ ಹೋಗಬೇಡಿ, ಬದಲಿಸಿ. ಆ್ಯಸಿಡ್ ಹಾಕಿ ತೊಳೀತೇವೆ ಅಂದರೆ ಗಾಡಿ ವಾಪಸ್ ತನ್ನಿ. ಲೀಕ್ ನಿಲ್ಲಲಿಕ್ಕೆ ಅಂತ ಅರಿಶಿನ ಪುಡಿ, ಸೀಲಿಂಗ್ ಪೌಡರ್ ಹಾಕಿದ ಚರಿತ್ರೆ ಇದ್ದರೆ ಟ್ಯೂಬ್ ಕಟ್ಟಿರುವುದು ಬಹುತೇಕ ಖಚಿತ.

ಇನ್ನೊಂದು. ಯಾರಾದರೂ ಪಿಕಪ್ ಬರಲಿ ಅಂತ ಡೀಸೆಲ್ ಪಂಪಿನ ಸ್ಕ್ರೂ ತಿರುಗಿಸಿದ್ದಾರೋ ಕೇಳಿ ನೋಡಿ. ಪೆಟ್ರೋಲ್ ಗಾಡಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಡೀಸೆಲ್ ಎಂಜಿನ್ನಿಗೆ ಡೀಸೆಲ್ ಜಾಸ್ತಿ ಹೋದಷ್ಟೂ ಬಿಸಿ ಜಾಸ್ತಿ. ಏರಿನಲ್ಲಿ ಹಿಂದಿನ ಗಾಡಿಯವರಿಗೆ ಕಣ್ಣು ಕಾಣದಷ್ಟು ಕರೀ ಹೊಗೆ ಬರ್ತಿದ್ದರೆ ರೇಡಿಯೇಟರನ್ನು ಎಷ್ಟು ತೊಳೆದರೂ ಪ್ರಯೋಜನ ಇಲ್ಲ. ನಿಮ್ಮದರಲ್ಲಿ ಹೊಗೆ ಇಲ್ಲ ಅಂದಿರಿ, ಒಳ್ಳೇದಾಯ್ತು.

ಗದಗ_ಗಾಡಿ_ಮಂದಿ:

ಅರಿಶಿಣಪುಡಿ ಹಾಕಿದ ಚರಿತ್ರೆ ನಮ್ಮ ಸುಮೋಕ್ಕೂ ಐತ್ರಿ. ಆವಾಗ ಲೀಕ್ ನಿಂತಿತ್ತು, ಸುಳ್ಳ್ಯಾಕ ಹೇಳಬೇಕು.

ಬಣಕಲ್_ಗಾಡಿ:

ತಡವಾಯ್ತು, ಕೊಯ್ಲು ಕೆಲಸ ಇತ್ತು. ಹೊಸ ಕಪ್ಲಿಂಗ್ ಹಾಕಿಸಿದೆ. ರೇಡಿಯೇಟರ್ ತಾಮ್ರದ್ದೇ. ಟ್ಯಾಂಕ್ ಬಿಡಿಸಿದಾಗ ಪಕ್ಕದಲ್ಲೇ ನಿಂತು ನೋಡಿದೆ: ಒಂದು ಅಂಚಿನ ಟ್ಯೂಬುಗಳ ಬಾಯಲ್ಲಿ ಕಂದು ಬಣ್ಣದ ಗಸಿ ಗಟ್ಟಿಯಾಗಿ ಕೂತಿತ್ತು, ಅಂಗಡಿಯ ಹುಡುಗ ಪಟ್ಟಿ ತೂರಿಸಿದಾಗ ಕರಕರ ಸದ್ದು. ವಾಲ್ವ್ ಪಾತ್ರೆಯಲ್ಲಿ ಹಾಕಿ ನೋಡಿದೆ, ತೆರೆಯೋದು ತೆರೆಯಿತು, ಆದರೆ 95ಕ್ಕೆ ಅರ್ಧವೇ. ಹೊಸದು ಹಾಕಿದೆ, 82ರದ್ದೇ. ವಾಟರ್ ಬಾಡಿ ಚೆನ್ನಾಗಿದೆ. ಕೂಲೆಂಟ್ ಅರ್ಧಕ್ಕರ್ಧ, ಹೀಟರ್ ತೆರೆದಿಟ್ಟು, ಮೂತಿ ಏರು ಕಡೆ ಮಾಡಿ ನಿಲ್ಲಿಸಿ ನಿಧಾನವಾಗಿ ತುಂಬಿಸಿದ್ದರಿಂದ ಗಾಳಿಯೂ ಹೋಯ್ತು.

ಭಾನುವಾರ ಮನೆಮಂದಿ, ಮೂಟೆ ಎಲ್ಲ ಹಾಕಿಕೊಂಡು ಚಾರ್ಮಾಡಿ ಹತ್ತಿದೆ. ರಾಜಣ್ಣ ಹೇಳಿದ ಹಾಗೆ ಸೆಕೆಂಡ್‌ನಲ್ಲಿ. ಅರ್ಧ ದಾರಿಯಲ್ಲಿ ಫ್ಯಾನ್ ಗುಂಯ್ ಅಂತ ಸದ್ದು ಮಾಡೋಕೆ ಶುರು ಮಾಡಿತು, ಅಪ್ಪ "ಏನಾಯ್ತೋ" ಅಂತ ಗಾಬರಿ ಆದ್ರು, ಕಪ್ಲಿಂಗ್ ಹಿಡಿದಿದ್ದು ಅಂತ ಹೇಳಿದೆ. ಮುಳ್ಳು ಮಧ್ಯದ ಗೆರೆ ದಾಟಲಿಲ್ಲ. ಎಸಿ ಹಾಕಿದರೆ ಕಡಿದಾದ ಕಡೆ ಒಂದು ಕೂದಲೆಳೆ ಏರುತ್ತೆ, ಇಳಿಯುತ್ತೆ.

ಹೋಸ್ ಪೈಪ್ ಮಾತ್ರ ಹಳೇದೇ ಇದೆ. ಬದಲಿಸಬೇಕಾ? ಹೊರಗಿಂದ ಚೆನ್ನಾಗಿ ಕಾಣುತ್ತೆ.

ಲಾರಿ_ರಾಜಣ್ಣ:

ಒಳ್ಳೇದಾಯ್ತು. ನನ್ನ ಗಾಡಿಗೆ ಮಾತ್ರ ವಾಲ್ವ್ ಹಾಕ್ಸಲ್ಲ, ಭಟ್ರು ಬೇಜಾರು ಮಾಡ್ಕೋಬಾರ್ದು.

ಶಿರಸಿ_ಡೀಸೆಲ್_ಭಟ್ರು:

ಬೇಜಾರಿಲ್ಲ ರಾಜಣ್ಣ, ನಿಮ್ಮ ಬೋರ್ ನಿಮ್ಮದು 🙂

ಹೋಸ್ ಎರಡೂ ಬದಲಿಸಿ. ಕೆಳಗಿನದು ಮುಖ್ಯ, ಪಂಪ್ ನೀರನ್ನು ಎಳೆಯುವುದು ಅದರಿಂದ. ಹಳೇ ರಬ್ಬರ್ ಒಳಗೆ ಮೆತ್ತಗಾಗಿದ್ದರೆ ಎಂಜಿನ್ ಜೋರಾಗಿ ಸುತ್ತುವಾಗ ಪೈಪ್ ಒಳಕ್ಕೆ ಚಪ್ಪಟೆಯಾಗಿ ನೀರು ನಿಲ್ಲುತ್ತದೆ, ಐಡ್ಲಿಂಗಿಗೆ ಬಂದ ಕೂಡಲೇ ಮತ್ತೆ ದುಂಡಗಾಗ್ತದೆ. ಹಾಗಾಗಿ ನಿಲ್ಲಿಸಿ ಬಾನೆಟ್ ಎತ್ತಿದವರಿಗೆ ಏನೂ ಕಾಣುವುದಿಲ್ಲ. ತಣ್ಣಗಿರುವಾಗ ಹಿಂಡಿ ನೋಡಿ. ಕೆಲವದರ ಒಳಗೆ ಸ್ಪ್ರಿಂಗ್ ಇರ್ತದೆ, ಇದ್ದರೆ ಹೊಸದಕ್ಕೂ ಇರಬೇಕು. ಕ್ಲಿಪ್ಪುಗಳನ್ನೂ ಹೊಸದೇ ಹಾಕಿ. ಬಿಚ್ಚಿದ ಹಳೇ ಫ್ಯಾನ್ ಬೆಲ್ಟ್ ಚೆನ್ನಾಗಿದ್ದರೆ ಎಸೆಯದೆ ಸೀಟಿನ ಅಡಿಯಲ್ಲಿ ಇಟ್ಟುಕೊಳ್ಳಿ, ಜೊತೆಗೆ ಅದನ್ನು ಹಾಕಲಿಕ್ಕೆ ಬೇಕಾದ ಸ್ಪ್ಯಾನರನ್ನೂ.